ಶಿಶುಗಳ ಊಟದ ನಿರಾಕರಣೆ

ತಾಯಿಹಾಲಿನ ಜೊತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಕೊಡಲು ತೊಡಗಿದಾಗ ಮಗು ಅದನ್ನು ಒಲ್ಲದಿರುವ ಸ್ಥಿತಿ. ಬಾಯಿ ಬಿಗಿಹಿಡಿಯುವುದು, ಮುಖ ತಿರುಗಿಸುವುದು, ಕೊಟ್ಟದ್ದನ್ನು ನಾಲಿಗೆಯಿಂದ ಹೊರದಬ್ಬುವುದು, ಓಕರಿಸುವುದು, ಚಮಚ ಕಂಡೊಡನೆ ಅಳುವುದು, ನುಂಗದೆ ದವಡೆಯಲ್ಲೇ ಇಟ್ಟುಕೊಳ್ಳುವುದು ಇದರ ಬಗೆಗಳು. "ಏನು ಕೊಟ್ಟರೂ ಉಗುಳ್ತಾಳೆ, ಬರೀ ಹಾಲೇ ಬೇಕು" ಎಂಬ ದೂರನ್ನು ಕೇಳದ ಮಕ್ಕಳ ವೈದ್ಯರಿಲ್ಲ, ಆಶಾ ಕಾರ್ಯಕರ್ತೆಯರೂ ಇಲ್ಲ. ಮನೆಯಲ್ಲಿ ಇದಕ್ಕೆ ಸಿದ್ಧವಾಗಿರುವ ಉತ್ತರಗಳು ಮೂರು: ಹಲ್ಲು ಬರ್ತಿದೆ, ದೃಷ್ಟಿಯಾಗಿದೆ, ಹಟಮಾರಿ. ಮೊದಲನೆಯದು ಕೆಲವು ದಿನಗಳ ಮಟ್ಟಿಗೆ ನಿಜವಿರಬಹುದು. ಹೆಚ್ಚಿನ ಮಕ್ಕಳಲ್ಲಿ ಕಾರಣ ಇನ್ನೂ ಸರಳ. ಉಣ್ಣುವುದು ಕಲಿತು ಬರಬೇಕಾದ ಕೆಲಸ, ಮಗು ಇನ್ನೂ ಕಲಿಯುತ್ತಿದೆ. ಆದರೆ ಭಾರತದ ಮಟ್ಟಿಗೆ ಈ ಸಮಾಧಾನವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಇಲ್ಲಿ ರಕ್ತಹೀನತೆ ವ್ಯಾಪಕವಾಗಿದೆ, ರಕ್ತಹೀನತೆಯೇ ಹಸಿವನ್ನು ಕೊಲ್ಲುತ್ತದೆ.

ಯಾವಾಗ, ಎಷ್ಟು

ಮೊದಲ ಆರು ತಿಂಗಳು ತಾಯಿಹಾಲು ಮಾತ್ರ, ಆಮೇಲೆ ಪೂರಕ ಆಹಾರದೊಂದಿಗೆ ಎರಡು ವರ್ಷ ಮತ್ತು ಅದರಾಚೆಗೂ ತಾಯಿಹಾಲು ಎಂಬುದು 2001ರ ವಿಶ್ವ ಆರೋಗ್ಯ ಅಧಿವೇಶನದ ನಿರ್ಣಯದಿಂದ ಗಟ್ಟಿಯಾದ ನಿಲುವು. ಆರನೆಯ ತಿಂಗಳೆಂಬುದು ನಮ್ಮವರಿಗೆ ಹೊಸದಲ್ಲ. ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಹೇಳಿದ್ದು ಅದೇ ತಿಂಗಳನ್ನು. ಆಯುರ್ವೇದದ ಶಿಶುವೈದ್ಯ ಗ್ರಂಥವಾದ ಕಾಶ್ಯಪ ಸಂಹಿತೆ ಆರನೆಯ ತಿಂಗಳಲ್ಲಿ ಹಣ್ಣಿನ ರುಚಿ ತೋರಿಸಿ, ಹತ್ತನೆಯ ತಿಂಗಳಲ್ಲಿ ಅನ್ನ ಕೊಡಲು ಹೇಳುತ್ತದೆ. ಇಂದಿನ ತಿಳಿವಳಿಕೆಯಲ್ಲಿ ಹತ್ತು ತಿಂಗಳು ತೀರ ತಡ. ಹೊರನಾಡಿನಲ್ಲೋ ಉಡುಪಿಯಲ್ಲೋ ಅನ್ನಪ್ರಾಶನ ಮುಗಿಸಿಕೊಂಡು ಬಂದ ಮನೆಯವರು ಮಾರನೆಯ ದಿನದಿಂದ ಮಗು ಗಬಗಬನೆ ತಿನ್ನತೊಡಗುತ್ತದೆ ಎಂದು ನಿರೀಕ್ಷಿಸಿದರೆ ನಿರಾಸೆ ಖಂಡಿತ.

ದೇಹ ಸಿದ್ಧವಾಗಿದೆಯೇ ಎಂಬುದನ್ನು ಪಂಚಾಂಗಕ್ಕಿಂತ ಮಗುವೇ ಚೆನ್ನಾಗಿ ಹೇಳುತ್ತದೆ. ಆಸರೆ ಕೊಟ್ಟರೆ ಕೂರುತ್ತದೆ, ಕತ್ತು ನಿಲ್ಲುತ್ತದೆ, ದೊಡ್ಡವರ ತಟ್ಟೆಯತ್ತ ಕೈಚಾಚುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆ ಕೂಡಲೇ ಹೊರಗೆ ತಳ್ಳುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಲಕ್ಷಣಗಳು ಹುಟ್ಟಿದ ದಿನದ ಲೆಕ್ಕಕ್ಕಿಂತ ತಡವಾಗಿ ಕಾಣುತ್ತವೆ. ಅವರಿಗೆ ಯಾವಾಗ ಶುರುಮಾಡಬೇಕೆಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಎಷ್ಟು ತಿನ್ನಬೇಕು ಎಂಬಲ್ಲೇ ಹೆಚ್ಚಿನ ಗಾಬರಿ ಹುಟ್ಟುವುದು. ತಾಯಿಹಾಲು ಕುಡಿಯುವ ಮಗುವಿಗೆ ಆಹಾರದಿಂದ ಸಿಗಬೇಕಾದ ಶಕ್ತಿ 6ರಿಂದ 8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ, 9ರಿಂದ 11 ತಿಂಗಳಲ್ಲಿ 300, ಎರಡನೆಯ ವರ್ಷದಲ್ಲಿ 550 ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆರಂಭದಲ್ಲಿ ಹೊತ್ತಿಗೆ ಎರಡು ಮೂರು ದೊಡ್ಡ ಚಮಚ ಸಾಕು. ಎಂಟು ತಿಂಗಳ ಹೊತ್ತಿಗೆ ಅದು 250 ಮಿ.ಲೀ. ಬಟ್ಟಲಿನ ಅರ್ಧಕ್ಕೆ ಏರಿದರೆ ಸರಿ. ಮಗುವಿನ ಹೊಟ್ಟೆಯಲ್ಲಿ ಹಿಡಿಯುವುದು ಕಿಲೊ ತೂಕಕ್ಕೆ ಸುಮಾರು 30 ಮಿ.ಲೀ., ಅಂದರೆ 8 ಕಿಲೊ ಮಗುವಿಗೆ ಒಂದು ಲೋಟದಷ್ಟು. ಹಾಲು ಕುಡಿಸಿ ಅರ್ಧ ಗಂಟೆಗೆ ತುಂಬಿದ ಬಟ್ಟಲು ಹಿಡಿದು ಕೂತರೆ ಮಗು ಬಾಯಿ ಮುಚ್ಚುವುದರಲ್ಲಿ ಆಶ್ಚರ್ಯವೇನಿಲ್ಲ.

ಬಾಯಿ ಕಲಿಯುವ ಕೆಲಸ

ಮೊಲೆಯುಣ್ಣುವಾಗ ನಾಲಿಗೆ ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಚಮಚದಲ್ಲಿ ಬಂದದ್ದನ್ನು ತುಟಿಯಿಂದ ಎಳೆದುಕೊಂಡು, ನಾಲಿಗೆಯಿಂದ ಹಿಂದಕ್ಕೆ ಸಾಗಿಸಿ ನುಂಗುವುದು ಬೇರೆಯೇ ವಿದ್ಯೆ. ಮೊದಲ ವಾರ ಗಲ್ಲದ ಮೇಲೆಲ್ಲ ಇಳಿದು ಬರುವ ರಾಗಿ ಸರಿ ರುಚಿಸಲಿಲ್ಲ ಎಂಬುದರ ಗುರುತಲ್ಲ. ನಾಲಿಗೆ ಹಳೆಯ ಅಭ್ಯಾಸದಂತೆ ಮುಂದಕ್ಕೆ ಬಂತು, ಅಷ್ಟೇ. ಅದೇ ತುತ್ತನ್ನು ಚಮಚದಲ್ಲಿ ಬಳಿದುಕೊಂಡು ಮತ್ತೆ ತೋರಿಸಿದರೆ ಎಷ್ಟೋ ಮಕ್ಕಳು ಮತ್ತೆ ಬಾಯಿ ತೆರೆಯುತ್ತಾರೆ. ಚಮಚವನ್ನು ಮೇಲ್ದವಡೆಗೆ ಒರೆಸಿ ಒಳಗೆ ಇಳಿಸುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ತುಟಿಗೆ ಕೆಲಸವೇ ಉಳಿಯುವುದಿಲ್ಲ. ಚಮಚವನ್ನು ಕೆಳತುಟಿಯ ಮೇಲೆ ತಂಗಿಸಿ, ಮಗು ತಾನಾಗಿ ಮೇಲ್ತುಟಿ ಇಳಿಸುವವರೆಗೆ ಕಾಯುವುದು ಮೇಲು.

ಓಕರಿಕೆ ಇನ್ನೊಂದು ಗಾಬರಿ. ಎಳೆ ಮಕ್ಕಳಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮೇಲೆ ಸಾಕಷ್ಟು ಮುಂದೆಯೇ ಇರುತ್ತದೆ. ತುತ್ತಿಗೆ ಅಭ್ಯಾಸವಾದಂತೆ ಹಿಂದಕ್ಕೆ ಸರಿಯುತ್ತದೆ. ಓಕರಿಸುವ ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸದ್ದು ಮಾಡುತ್ತದೆ. ಉಸಿರುಗಟ್ಟಿದ ಮಗುವಿನಿಂದ ಸದ್ದು ಬರುವುದಿಲ್ಲ. ಅಳಲಾಗುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಮೊದಲನೆಯದಕ್ಕೆ ಸುಮ್ಮನೆ ಪಕ್ಕದಲ್ಲಿರುವುದೇ ಚಿಕಿತ್ಸೆ. ಬಾಯಿಗೆ ಬೆರಳು ಹಾಕಿ ತೆಗೆಯಲು ಹೋದರೆ ತುತ್ತು ಇನ್ನಷ್ಟು ಒಳಗೆ ಹೋಗಬಹುದು. ಎರಡನೆಯದಕ್ಕೆ ಕಾಯುವಂತಿಲ್ಲ. ಮಗುವನ್ನು ಮುಂಗೈ ಮೇಲೆ ತಲೆ ತಗ್ಗಾಗುವಂತೆ ಬೋರಲು ಹಾಕಿ ಬೆನ್ನಿನ ಮೇಲೆ, ಹೆಗಲೆಲುಬುಗಳ ನಡುವೆ, ಅಂಗೈಯ ಬುಡದಿಂದ 5 ಏಟು ಕೊಡಬೇಕು. ಮಗುಚಿ ಎದೆಯ ನಡುವೆ 5 ಬಾರಿ ಒತ್ತಬೇಕು. ತುಣುಕು ಹೊರಬರುವವರೆಗೆ ಇದನ್ನೇ ಮುಂದುವರಿಸುತ್ತ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡುಗಳನ್ನು ಈ ವಯಸ್ಸಿನವರ ಕೈಗೆ ಎಟುಕದಂತೆ ಇಡುವುದು ಇದಕ್ಕೇ. ಕಡಲೆಬೀಜವನ್ನು ನುಣ್ಣಗೆ ಅರೆದು ಸರಿಯಲ್ಲಿ ಬೆರೆಸಿದರೆ ಆ ಭಯವಿಲ್ಲ.

ಓಕರಿಕೆಗೆ ಹೆದರಿದ ಮನೆಗಳಲ್ಲಿ ಮಿಕ್ಸಿ ಬಿಡುವು ಕಾಣುವುದಿಲ್ಲ. ವರ್ಷ ದಾಟಿದರೂ ಅನ್ನ, ಬೇಳೆ, ತರಕಾರಿ ಎಲ್ಲವೂ ಒಂದೇ ಬಣ್ಣದ ನುಣ್ಣನೆಯ ಮುದ್ದೆಯಾಗಿ ಬರುತ್ತವೆ. ಮುಂದೆ ಅನ್ನದ ಒಂದು ಅಗುಳು ಸಿಕ್ಕರೂ ಮಗು ಉಗುಳುತ್ತದೆ, "ನೋಡಿ, ರುಬ್ಬದೇ ಇದ್ದರೆ ತಿನ್ನೋದೇ ಇಲ್ಲ" ಎಂದು ಮತ್ತೆ ಮಿಕ್ಸಿ ಓಡುತ್ತದೆ. ಅಗಿಯುವುದನ್ನು ಕಲಿಯಲು ಒಂದು ಹದವಾದ ಕಾಲವಿದೆ, ಅದು ತಪ್ಪಿದರೆ ಕಲಿಕೆ ಕಷ್ಟ ಎಂದು ಬ್ರಿಟನ್ನಿನ ಇಲಿಂಗ್‌ವರ್ತ್ ಮತ್ತು ಲಿಸ್ಟರ್ 1964ರಲ್ಲೇ ವಾದಿಸಿದ್ದರು. ಬ್ರಿಸ್ಟಲ್ ಸುತ್ತಮುತ್ತ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಏವನ್ ಅಧ್ಯಯನ ಅದಕ್ಕೆ ಬೆಂಬಲ ಕೊಟ್ಟಿತು. ಹತ್ತು ತಿಂಗಳ ನಂತರವೇ ಗಂಟುಗಂಟಾದ ಆಹಾರ ಕಂಡ ಮಕ್ಕಳಿಗೆ 15 ತಿಂಗಳಲ್ಲಿ ಊಟದ ತಕರಾರು ಹೆಚ್ಚಿತ್ತು, ಏಳು ವರ್ಷದಲ್ಲಿ ನೋಡಿದಾಗಲೂ ಆ ವ್ಯತ್ಯಾಸ ಅಳಿದಿರಲಿಲ್ಲ. ಆದ್ದರಿಂದ ಏಳೆಂಟು ತಿಂಗಳಿಗೆ ಮಿಕ್ಸಿ ಬಿಟ್ಟು ಬೆರಳಿಂದ ಹಿಸುಕುವುದು, ಒಂಬತ್ತಕ್ಕೆ ಕೈಯಲ್ಲಿ ಹಿಡಿಯುವ ಮೆತ್ತನೆಯ ತುಂಡು, ವರ್ಷಕ್ಕೆ ಮನೆಯವರ ಊಟವನ್ನೇ ಖಾರವಿಲ್ಲದೆ ಕೊಡುವುದು ಒಳ್ಳೆಯ ಕ್ರಮ. ಹಲ್ಲು ಬರಲೆಂದು ಕಾಯಬೇಕಿಲ್ಲ. ಬೆಂದ ಕುಂಬಳ, ಇಡ್ಲಿ, ಸಿಹಿಗೆಣಸುಗಳನ್ನು ವಸಡೇ ನುರಿಯಬಲ್ಲದು.

ಚಮಚವನ್ನು ಬದಿಗಿಟ್ಟು ಮಗುವೇ ತುಂಡು ಎತ್ತಿ ತಿನ್ನಲಿ ಎಂಬ ಪದ್ಧತಿಗೆ ಬ್ರಿಟನ್ನಿನ ಗಿಲ್ ರಾಪ್ಲಿ 2008ರ ತಮ್ಮ ಪುಸ್ತಕದಿಂದ ಪ್ರಚಾರ ಕೊಟ್ಟರು. ತುಂಡುಗಳ ಆಕಾರ ಮತ್ತು ಮೆದುತನದ ಬಗ್ಗೆ ತಿಳಿಹೇಳಿದಾಗ ಉಸಿರುಗಟ್ಟುವ ಅಪಾಯ ಚಮಚದ ಮಕ್ಕಳಿಗಿಂತ ಹೆಚ್ಚಿರಲಿಲ್ಲ ಎಂದು ನ್ಯೂಜಿಲೆಂಡಿನ ಪ್ರಯೋಗವೊಂದು 2016ರಲ್ಲಿ ವರದಿ ಮಾಡಿತು. ಚಮಚಕ್ಕೆ ಬಾಯಿ ಬಿಗಿಯುವ ಎಂಟು ತಿಂಗಳ ಮಗು ತನ್ನ ಕೈಗೆ ಸಿಕ್ಕ ಇಡ್ಲಿ ಚೂರನ್ನು ಸಲೀಸಾಗಿ ತಿನ್ನುವುದು ಉಂಟು. ಇದನ್ನೇ ವ್ರತವಾಗಿ ಹಿಡಿದು ಚಮಚವನ್ನು ಪೂರ್ತಿ ಬಿಡಬೇಕೆಂದೇನೂ ಇಲ್ಲ. ರಾಗಿ ಸರಿಯನ್ನು ಕೈಯಲ್ಲಿ ಎತ್ತಿ ತಿನ್ನಲು ಬರುವುದೂ ಇಲ್ಲ.

ರುಚಿಯ ಪಳಗಿಕೆ

ಹೊಸದನ್ನು ಶಂಕಿಸುವುದು ಮನುಷ್ಯನ ಮರಿಗೆ ಹುಟ್ಟುಗುಣ. ಸಿಹಿ ಹುಟ್ಟಿನಿಂದಲೇ ಇಷ್ಟ, ಕಹಿ ಹುಟ್ಟಿನಿಂದಲೇ ಬೇಡ. ಉಳಿದದ್ದನ್ನೆಲ್ಲ ಪರಿಚಯ ತೀರ್ಮಾನಿಸುತ್ತದೆ. ಆ ಪರಿಚಯ ತಾಯಿಯ ಊಟದಿಂದಲೇ ಶುರು. ಅಮೆರಿಕದ ಸಂಶೋಧಕಿ ಜೂಲಿ ಮೆನೆಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದಂತೆ, ಬಸುರಿನಲ್ಲಾಗಲಿ ಬಾಣಂತನದಲ್ಲಾಗಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಕ್ಯಾರೆಟ್ ಬೆರೆಸಿದ ಅಂಬಲಿಗೆ ಮುಖ ಕಿವುಚಿದ್ದು ಕಡಿಮೆ. ಬಾಣಂತಿಗೆ ತಿಂಗಳುಗಟ್ಟಲೆ ಮೆಣಸಿನ ಸಾರು ಅನ್ನ ಮಾತ್ರ ಎಂಬ ಪಥ್ಯ ಇನ್ನೂ ಇರುವ ಮನೆಗಳವರು ಇದನ್ನು ಗಮನಿಸಬೇಕು. ತರಕಾರಿಯ ಪರಿಚಯ ಹಾಲಿನಲ್ಲೇ ಆಗಬಹುದಾಗಿತ್ತು.

ಬೇಡವೆಂದದ್ದನ್ನು ಮತ್ತೆ ಮತ್ತೆ ತೋರಿಸುವುದರ ಬಲವನ್ನು ಫ್ರಾನ್ಸಿನ ದಿಝೋ ಮತ್ತು ಜರ್ಮನಿಯ ಆಲೆನ್ ಪಟ್ಟಣಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ ಚೆನ್ನಾಗಿ ತೋರಿಸಿತು. ಏಳು ತಿಂಗಳ ಮಕ್ಕಳ ತಾಯಂದಿರು ತಮ್ಮ ಮಗು ಒಲ್ಲದ ಒಂದು ತರಕಾರಿಯನ್ನು ಆರಿಸಿಕೊಂಡು, ದಿನ ಬಿಟ್ಟು ದಿನ ಎಂಟು ಬಾರಿ ಕೊಟ್ಟರು. ಎಂಟನೆಯ ಊಟದ ಹೊತ್ತಿಗೆ ಹತ್ತರಲ್ಲಿ ಏಳು ಮಕ್ಕಳು ಅದನ್ನು ಇಷ್ಟದ ತರಕಾರಿಯಷ್ಟೇ ತಿನ್ನುತ್ತಿದ್ದರು. ಸಾಮಾನ್ಯವಾಗಿ ತಾಯಂದಿರು ಎರಡು ಮೂರು ಸಲಕ್ಕೇ ಕೈಬಿಡುತ್ತಾರೆ. ಬೇಡವೆಂದದ್ದನ್ನು ಎಂಟು ಬಾರಿ ಬೇಯಿಸುವ ತಾಳ್ಮೆ ಯಾರಿಗಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಪ್ರತ್ಯೇಕ ಅಡುಗೆ ಬೇಡ. ಮನೆಯ ಹುಳಿಗೆ ಖಾರ ಹಾಕುವ ಮೊದಲು ಎರಡು ಹೋಳು ತೆಗೆದಿಟ್ಟು ಹಿಸುಕಿದರೆ ಆಯಿತು. ಒಂದು ಚಮಚ ಒಳಗೆ ಹೋದರೂ ಅದು ಲೆಕ್ಕಕ್ಕೆ ಬರುತ್ತದೆ.

ಮಕ್ಕಳ ಹಸಿವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ನಡೆಸಿದ ಪ್ರಯೋಗ ಇಂದಿಗೂ ಉದಾಹರಣೆ. ಹೊಸದಾಗಿ ಹಾಲು ಬಿಟ್ಟ ಶಿಶುಗಳ ಮುಂದೆ ಹಲವು ಬಗೆಯ ಸಾದಾ ಆಹಾರವನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು, ದಾದಿಯರು ಏನನ್ನೂ ಸೂಚಿಸದೆ ಸುಮ್ಮನಿದ್ದರು. ಮಗು ಕೈಚಾಚಿದ ಬಟ್ಟಲಿನಿಂದ ಮಾತ್ರ ಚಮಚ ಮೇಲೇಳುತ್ತಿತ್ತು. ಒಂದೊಂದು ಹೊತ್ತು ವಿಚಿತ್ರವಾಗಿ ತಿಂದರೂ ಒಟ್ಟಾರೆ ಮಕ್ಕಳು ಚೆನ್ನಾಗಿ ಬೆಳೆದರು. ಇದನ್ನು ಓದಿ ಮಕ್ಕಳು ಕೇಳಿದ್ದನ್ನೆಲ್ಲ ಕೊಡಬಹುದು ಎಂದು ತಿಳಿದವರಿದ್ದಾರೆ. ಬಿಸ್ಕತ್ತು, ಸಕ್ಕರೆ ಆ ಬಟ್ಟಲುಗಳಲ್ಲಿ ಇರಲೇ ಇಲ್ಲ. ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲಿ ಎಂದು ಡೇವಿಸ್ ಸ್ವತಃ ಹೇಳಿದ್ದಾರೆ.

ಉಣಿಸುವ ಬಗೆ

ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಕೈ ಅದುಮಿ ಹಿಡಿದು ಒಳಲೆಯಿಂದ ಸರಿ ಹುಯ್ಯುವುದು ಹಳೆಯ ಕಾಲದ ಪಳಗಿದ ಕೈಗಳ ವಿಧಾನ. ಅಳುವಾಗ ಬಾಯಿ ತೆರೆಯುತ್ತದೆ, ಆಗ ಹುಯ್ದರೆ ನುಂಗಲೇಬೇಕು. ಬಟ್ಟಲು ಖಾಲಿಯಾಗುತ್ತದೆ, ನಿಜ. ಆದರೆ ಅಳುತ್ತ ಎಳೆದುಕೊಂಡ ಉಸಿರಿನ ಜೊತೆ ಸರಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಹಾಗಾಗದ ಮಕ್ಕಳೂ ಬಟ್ಟಲಿನ ಸದ್ದಿಗೇ ಅಳಲು ಕಲಿಯುತ್ತಾರೆ. ಒತ್ತಾಯದಿಂದ ಹುಟ್ಟಿದ ಈ ನಿರಾಕರಣೆಯನ್ನು ಬಿಡಿಸುವುದು ಮೊದಲಿನ ನಿರಾಕರಣೆಗಿಂತ ಬಹಳ ಕಷ್ಟ. ಒಳಲೆ ತನ್ನಷ್ಟಕ್ಕೆ ಕೆಟ್ಟ ಪಾತ್ರೆಯಲ್ಲ. ಚೀಪಲಾರದ ನವಜಾತ ಶಿಶುವಿಗೆ ಹಿಂಡಿದ ತಾಯಿಹಾಲು ಕುಡಿಸಲು ಆಸ್ಪತ್ರೆಗಳೂ ಅದನ್ನೇ ಬಳಸುತ್ತವೆ.

ಈಗಿನ ಒತ್ತಾಯದ ರೂಪ ಮೊಬೈಲ್. ಪರದೆಯ ಮೇಲೆ ಹಾಡು ಓಡುತ್ತಿರುವಾಗ ತೆರೆದ ಬಾಯಿಗೆ ತುತ್ತು ಇಡುವುದು ಸುಲಭ. ಮಗುವಿಗೆ ತಾನು ತಿನ್ನುತ್ತಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹಾಗಾದರೆ ಚಂದಮಾಮನನ್ನು ತೋರಿಸಿ, ಕಾಗೆಗೊಂದು ಗುಬ್ಬಿಗೊಂದು ತುತ್ತೆಂದು ಉಣಿಸುತ್ತಿದ್ದದ್ದೂ ತಪ್ಪೇ? ಇಲ್ಲ. ಅಲ್ಲಿ ಉಣಿಸುವವಳು ಮಗುವಿನ ಮುಖ ನೋಡುತ್ತಾಳೆ, ಮಾತನಾಡುತ್ತಾಳೆ, ತುತ್ತಿನ ಬಗ್ಗೆಯೇ ಮಾತು ನಡೆಯುತ್ತದೆ. ಊಟ ಒಂದು ಗಂಟೆ ಎಳೆದು ಅಂಗಳವೆಲ್ಲ ಸುತ್ತಿಸಿದರೆ ಮಾತ್ರ ಅದೂ ಬೇರೆ ಬಗೆಯ ಒತ್ತಾಯ. 20ರಿಂದ 30 ನಿಮಿಷಕ್ಕೆ ಬಟ್ಟಲು ಎತ್ತಿಟ್ಟುಬಿಡುವುದು ಒಳ್ಳೆಯದು.

ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ, ತಿನ್ನುವುದೋ ಬೇಡವೋ ಮತ್ತು ಎಷ್ಟು ಎಂಬುದು ಮಗುವಿನದು ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೊಣೆಯನ್ನು ಹಂಚಿದರು. ಕೂಡುಮನೆಯಲ್ಲಿ ಇದನ್ನು ನಡೆಸುವುದು ಸುಲಭವಲ್ಲ. ತಾಯಿ ಬಟ್ಟಲು ಎತ್ತಿಟ್ಟರೆ ಅಜ್ಜಿ "ಅಯ್ಯೋ, ಇನ್ನೊಂದೇ ತುತ್ತು ಕಣೋ ಬಂಗಾರ" ಎಂದು ಎತ್ತಿಕೊಳ್ಳುತ್ತಾರೆ. ಅರ್ಧ ಗಂಟೆಗೆ ತಾತ ಬಿಸ್ಕತ್ತು ಕೊಡುತ್ತಾರೆ. ಮುಂದಿನ ಹೊತ್ತಿಗೆ ಹಸಿವಿಲ್ಲ. ದೂರು ಬರುವುದು ಸೊಸೆಯ ಮೇಲೆ. ಆದ್ದರಿಂದ ಬುದ್ಧಿಮಾತನ್ನು ತಾಯಿಗೊಬ್ಬಳಿಗೇ ಹೇಳಿ ಕಳಿಸುವ ವೈದ್ಯರು ಅರ್ಧ ಕೆಲಸವನ್ನಷ್ಟೇ ಮಾಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಅಂದಿನ ಅವಿಭಜಿತ ಆಂಧ್ರಪ್ರದೇಶದ 60 ಹಳ್ಳಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಮನೆಗೆ ಹೋಗಿ ತಿಳಿಹೇಳಿದ್ದರು. ಏನು ಕೊಡಬೇಕೆಂಬುದನ್ನು ಮಾತ್ರ ಕಲಿಸಿದ ಹಳ್ಳಿಗಳಲ್ಲೂ ಮಕ್ಕಳ ಆಹಾರ ಸೇವನೆ ಸುಧಾರಿಸಿತು. ಮಗುವಿನ ಸನ್ನೆ ಗಮನಿಸಿ ಉಣಿಸುವುದನ್ನೂ ಆಟವನ್ನೂ ಸೇರಿಸಿ ಕಲಿಸಿದ ಕಡೆ ಮಕ್ಕಳ ಬೌದ್ಧಿಕ ಬೆಳವಣಿಗೆಯೂ ಮೇಲಾಗಿತ್ತು.

ಬಟ್ಟಲಲ್ಲಿ ಏನಿದೆ

ಕಡಿಮೆ ತಿನ್ನುವ ಮಗುವಿಗೆ ತಿಳಿ ಗಂಜಿ, ಬೇಳೆಕಟ್ಟು, ಹಣ್ಣಿನ ರಸ ಕೊಡುವುದು ರೂಢಿ. ಹೊಟ್ಟೆ ನೀರಿನಿಂದ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಗಟ್ಟಿ ಮಾಡಿದರೆ ಅಂಟಂಟಾಗಿ ನುಂಗಲು ಕಷ್ಟ. ಈ ಇಕ್ಕಟ್ಟಿಗೆ ಹಳೆ ಮೈಸೂರಿನ ಅಜ್ಜಿಯರ ಉತ್ತರ ಮೊಳಕೆ ರಾಗಿಯ ಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಹಿಟ್ಟು ತೆಗೆಯುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಸಡಿಲವಾಗಿಯೇ ಇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಇದೇ ತತ್ತ್ವದ ಮೇಲೆ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ತಂಡ ಒಂದು ಚಿಟಿಕೆ ಮೊಳಕೆ ಹಿಟ್ಟಿನಿಂದ ಯಾವುದೇ ಗಟ್ಟಿ ಅಂಬಲಿಯನ್ನು ಸಡಿಲಿಸಬಹುದೆಂದು ತೋರಿಸಿತು. ಒಂದು ಚಮಚ ತುಪ್ಪವೂ ಸೇರಿದರೆ ನಾಲ್ಕೇ ತುತ್ತು ತಿನ್ನುವ ಮಗುವಿಗೂ ಲಾಭ.

ರಾಗಿಯಲ್ಲಿ ಸುಣ್ಣದಂಶ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕಬ್ಬಿಣದ ವಿಷಯದಲ್ಲಿ ಅದನ್ನೊಂದನ್ನೇ ನೆಚ್ಚುವುದು ತಪ್ಪು. ಇರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಕೊಂಚವೇ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಆರು ತಿಂಗಳಿಂದಲೇ ಅವನ್ನು ಕೊಡಬಹುದು, ವರ್ಷವಾಗಲಿ ಎಂದು ಕಾಯಬೇಕಿಲ್ಲ. ಸಸ್ಯಾಹಾರಿಗಳು ಬೇಳೆ, ಸೊಪ್ಪಿಗೆ ನಾಲ್ಕು ಹನಿ ನಿಂಬೆರಸ ಹಿಂಡಬೇಕು. ವರ್ಷದೊಳಗೆ ಜೇನು ನೆಕ್ಕಿಸಬಾರದು, ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳಿರಬಹುದು. ಉಪ್ಪು, ಸಕ್ಕರೆ, ಬೆಲ್ಲದ ಆಸೆ ತೋರಿಸಿ ತಿನ್ನಿಸುವುದೂ ಬೇಡ. ದಿನಕ್ಕೆ ಮೂರು ನಾಲ್ಕು ಬಾಟಲಿ ಹಸುವಿನ ಹಾಲು ಕುಡಿಯುವ ಮಗುವಿಗೆ ಊಟಕ್ಕೆ ಜಾಗವೇ ಇರುವುದಿಲ್ಲ. ಬಾಟಲಿ ಕಡಿಮೆ ಮಾಡಿದ ವಾರದಲ್ಲೇ ಹಸಿವು ಮರಳಿದ್ದನ್ನು ಕಂಡ ಮನೆಗಳು ಬಹಳ. ಡಬ್ಬಿಯ ಶಿಶು ಆಹಾರ ಕೊಂಡರೆ ತಪ್ಪೇನೂ ಇಲ್ಲ, ಅಗತ್ಯವೂ ಇಲ್ಲ. 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ಎರಡು ವರ್ಷದೊಳಗಿನವರ ಇಂಥ ಆಹಾರದ ಜಾಹೀರಾತನ್ನು ನಿಷೇಧಿಸಿವೆ, ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ.

ಕಾಯಬಾರದ ಸಂದರ್ಭಗಳು

ಹುಟ್ಟುವಾಗ ತಾಯಿಯಿಂದ ಪಡೆದ ಕಬ್ಬಿಣದ ದಾಸ್ತಾನು ಆರು ತಿಂಗಳ ಸುಮಾರಿಗೆ ಕರಗುತ್ತದೆ. ತಾಯಿಹಾಲಿನಲ್ಲಿ ಕಬ್ಬಿಣ ಕಡಿಮೆ. ಆಹಾರ ತಡವಾದರೆ ರಕ್ತಹೀನತೆ, ರಕ್ತಹೀನತೆಯಿಂದ ಹಸಿವಿಲ್ಲ, ಹಸಿವಿಲ್ಲದೆ ಆಹಾರ ಇನ್ನೂ ತಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ಶೇ. 67.1, ಕರ್ನಾಟಕದಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ವಾರಕ್ಕೆ ಎರಡು ಬಾರಿ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುವುದು ಇದಕ್ಕಾಗಿ. ಮಲ ಕಪ್ಪಾಯಿತೆಂದು ಅದನ್ನು ಅಟ್ಟದ ಮೇಲಿಡುವ ಮನೆಗಳಿವೆ. ಕಬ್ಬಿಣ ಹೊಟ್ಟೆಗೆ ಹೋದರೆ ಮಲ ಕಪ್ಪಾಗುವುದು ಸಹಜ.

ಇನ್ನೊಂದು ಕೊರತೆ ನಮ್ಮ ನಾಡಿನದೇ ಎನ್ನಬಹುದಾದದ್ದು. ಹಾಲು ಮೊಸರನ್ನೂ ಕಡಿಮೆ ತೆಗೆದುಕೊಳ್ಳುವ ಸಸ್ಯಾಹಾರಿ ತಾಯಿಗೆ ಬಿ12 ಕಡಿಮೆಯಿದ್ದರೆ ಹಾಲಿನಲ್ಲೂ ಕಡಿಮೆ. ಅಂಥ ಮಗು ನೋಡಲು ಗುಂಡಗೇ ಇರಬಹುದು. ಆದರೆ ಬಣ್ಣ ಬಿಳಿಚಿ, ಕೂದಲು ತೆಳುವಾಗಿ, ಬೆರಳ ಗೆಣ್ಣುಗಳು ಕಪ್ಪಾಗಿ, ನಗುವುದನ್ನೇ ಮರೆತಂತಿರುತ್ತದೆ. ಕೂರುತ್ತಿದ್ದ ಮಗು ಕೂರುವುದನ್ನು ಬಿಡುತ್ತದೆ, ಆಹಾರವನ್ನು ಮುಟ್ಟುವುದಿಲ್ಲ, ಕೆಲವರಲ್ಲಿ ಕೈಕಾಲು ನಡುಕ ಬರುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು 1962ರಲ್ಲಿ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರಿಸಿದರು. ಬಿ12 ಕೊಟ್ಟರೆ ಕೆಲವೇ ದಿನಗಳಲ್ಲಿ ಮಗು ಚುರುಕಾಗಿ ಬಾಯಿ ತೆರೆಯುತ್ತದೆ. ಇಂಥ ಮಗುವಿಗೆ ದೃಷ್ಟಿ ತೆಗೆದು ತಿಂಗಳು ಕಳೆಯುವುದು ಅಪಾಯ.

ಮಲಬದ್ಧತೆ, ಬಾಯಿಯ ಬಿಳಿ ಅಗ್ರ, ಕಟ್ಟಿದ ಮೂಗು, ಆಮ್ಲ ಮೇಲೇರುವುದು, ಹಾಲಿನ ಅಲರ್ಜಿ ಕೂಡ ಊಟ ಕೆಡಿಸುತ್ತವೆ. ತೂಕ ಏರದಿದ್ದರೆ ಅಥವಾ ಇಳಿದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ, ಪದೇ ಪದೇ ಎದೆ ಕಟ್ಟಿದರೆ, ಕತ್ತು ನಿಲ್ಲದಿದ್ದರೆ, ಕಲಿತದ್ದನ್ನು ಮರೆತರೆ, ಒಂಬತ್ತು ತಿಂಗಳಾದರೂ ಒಂದು ತುತ್ತೂ ಒಳಗೆ ಹೋಗದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಹುಟ್ಟಿದಾಗ ವಾರಗಟ್ಟಲೆ ಮೂಗಿನ ನಳಿಕೆಯಿಂದ ಹಾಲು ಪಡೆದ ಮಕ್ಕಳಿಗೆ ಬಾಯಿಗೆ ಏನೇ ಬಂದರೂ ಭಯ. ಅವರಿಗೆ ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕರು ಬೇಕು.

ತೂಕದ ವಿಚಾರದಲ್ಲಿ ಪಕ್ಕದ ಮನೆಯ ಮಗುವಿಗೆ ಹೋಲಿಸುವುದನ್ನು ಬಿಟ್ಟು ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ರೇಖೆ ನೋಡುವುದು ಸರಿ. ಅಂಗನವಾಡಿಯಲ್ಲಿ ತೂಗಿ ಗುರುತು ಹಾಕಿಕೊಡುತ್ತಾರೆ. ಮಗು ತನ್ನ ರೇಖೆಯ ಜಾಡಿನಲ್ಲೇ ಸಾಗುತ್ತಿದ್ದರೆ ತೆಳ್ಳಗಿದ್ದರೂ ಚಿಂತೆಯಿಲ್ಲ. ವರ್ಷ ತುಂಬಿದ ಮೇಲೆ ದೂರಿನ ಎರಡನೆಯ ಅಲೆ ಬರುತ್ತದೆ: "ಮೊದಲು ಚೆನ್ನಾಗಿ ತಿಂತಿದ್ದ, ಈಗ ಏನೂ ತಿನ್ನಲ್ಲ." ಹುಟ್ಟುತೂಕ ಮೊದಲ ವರ್ಷದಲ್ಲಿ ಮೂರು ಪಟ್ಟಾಗುತ್ತದೆ, ಎರಡನೆಯ ವರ್ಷವಿಡೀ ಏರುವುದು ಎರಡು ಎರಡೂವರೆ ಕಿಲೊ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ನಡೆಯಲು ಕಲಿತ ಮಗುವಿಗೆ ಕೂತು ಉಣ್ಣುವಷ್ಟು ಪುರುಸೊತ್ತೂ ಇರುವುದಿಲ್ಲ. ಈ ವಯಸ್ಸಿಗೆ ಮೂರು ಊಟ, ನಡುವೆ ಒಂದೆರಡು ಸಣ್ಣ ತಿಂಡಿ ಎಂದು ಹೊತ್ತು ಗೊತ್ತು ಮಾಡಿ, ಮನೆಯವರ ಪಂಕ್ತಿಯಲ್ಲೇ ಅದಕ್ಕೂ ಒಂದು ತಟ್ಟೆ ಹಾಕಿದರೆ ಹೆಚ್ಚಿನ ಮಕ್ಕಳಿಗೆ ಬೇರೆ ಉಪಾಯ ಬೇಕಾಗುವುದಿಲ್ಲ.